ಕಲೆ, ಕಳೆ, ಬಣ್ಣ

ದೀಪಾವಳಿಗೆ ಊರಿಗೆ ಬಂದಿದ್ದ ಅಕ್ಕನ ಮಗಳು ತನ್ನ ಬ್ಯಾಗಿನಿಂದ ಒಂದು ಪುಟ್ಟ ಗಾಜಿನ ಸೀಸೆ ತೆಗೆದು ನನ್ನ ಕೈಗಿಟ್ಟಳು. ಮೂವತ್ತು ಮಿಲಿಲೀಟರಿನ ಸೀಸೆ, ಮುಚ್ಚಳಕ್ಕೇ ಅಂಟಿದ ಡ್ರಾಪರ್. ನಾಲ್ಕು ತಿಂಗಳ ಹಿಂದೆ ಕೊಂಡಾಗ ಒಳಗಿನ ದ್ರವ ನೀರಿನಷ್ಟೇ ತಿಳಿಯಾಗಿತ್ತಂತೆ. ಈಗ ಬೆಳಕಿಗೆ ಹಿಡಿದರೆ ಹಾಲು ಹಾಕದ ಚಹಾದ ಬಣ್ಣ. ಬೆಂಗಳೂರಿನಲ್ಲಿ ದಿನಾ ಸ್ಕೂಟರಿನಲ್ಲಿ ಆಫೀಸಿಗೆ ಓಡಾಡುವ ಹುಡುಗಿ ಅವಳು. ಎರಡೂ ಕೆನ್ನೆಯ ಮೇಲೆ ಹಳೆಯ ಮೊಡವೆಗಳು ಬಿಟ್ಟುಹೋದ ಕಂದು ಗುರುತುಗಳಿದ್ದವು. "ಚಿಕ್ಕಮ್ಮಾ, ಈ ವಿಟಮಿನ್ ಸಿ ಸೀರಂ ನಿಜವಾಗ್ಲೂ ಕೆಲಸ ಮಾಡುತ್ತಾ? ಮುಖ ಬ್ರೈಟ್ ಆಗುತ್ತೆ ಅಂತಾರೆ" ಎಂದು ಕೇಳಿದಳು. ಪಕ್ಕದಲ್ಲಿ ಹೂ ಕಟ್ಟುತ್ತಿದ್ದ ನಮ್ಮಮ್ಮ ತಲೆ ಎತ್ತಿ, "ಬ್ರೈಟ್ ಅಂದ್ರೆ ಏನೇ ಪುಟ್ಟಿ? ಬೆಳ್ಳಗಾಗೋದಾ?" ಎಂದರು.

ಮೊಮ್ಮಗಳ ಪ್ರಶ್ನೆಗಿಂತ ಮೊದಲು ಅಜ್ಜಿಯ ಪ್ರಶ್ನೆಗೆ ಉತ್ತರ ಸಿಗಬೇಕು ಎಂದು ನನಗೆ ಆಗಲೇ ಅನ್ನಿಸಿತು. ಒಂದು ವಸ್ತು ಕೆಲಸ ಮಾಡುತ್ತದೆಯೇ ಎಂದು ತೂಗಬೇಕಾದರೆ ಯಾವ ಕೆಲಸ ಎಂಬುದು ಗೊತ್ತಿರಬೇಕಲ್ಲ.

ಮುಖದ ಬಗ್ಗೆ ಮಾತಾಡುವಾಗ ಕನ್ನಡದವರು ಮೂರು ಬೇರೆ ಬೇರೆ ಮಾತುಗಳನ್ನು ಬಳಸುತ್ತೇವೆ. ಮುಖದ ಮೇಲೆ ಕಲೆ ಇದೆ ಎನ್ನುತ್ತೇವೆ. ಮುಖದಲ್ಲಿ ಕಳೆ ಇದೆ ಎನ್ನುತ್ತೇವೆ. ಹುಡುಗಿ ಕೆಂಪಗಿದ್ದಾಳೆ, ಎಣ್ಣೆಗೆಂಪು, ಕಪ್ಪು ಎಂದು ಬಣ್ಣ ಹೇಳುತ್ತೇವೆ. ಸುತ್ತಲಿನ ಚರ್ಮಕ್ಕಿಂತ ಒಂದು ಜಾಗ ಹೆಚ್ಚು ಕಪ್ಪಾಗಿದ್ದರೆ ಅದು ಕಲೆ. ಮೊಡವೆ ವಾಸಿಯಾದ ಜಾಗದಲ್ಲಿ ಉಳಿದದ್ದು, ವರ್ಷಗಟ್ಟಲೆ ಬಿಸಿಲು ಬಿದ್ದು ಮೂಡಿದ್ದು, ಬಸುರಿನ ಕಾಲದಲ್ಲೋ ಆಮೇಲೋ ಕೆನ್ನೆಯ ಮೇಲೆ ಹರಡುವ ಬಂಗು, ಎಲ್ಲವೂ ಈ ಗುಂಪಿನವು. ನಿದ್ದೆ, ಊಟ, ಆರೋಗ್ಯ, ನೆಮ್ಮದಿ ಸೇರಿ ಮುಖಕ್ಕೆ ಬರುವ ತೇಜಸ್ಸು ಕಳೆ. ತಂದೆ ತಾಯಿಯಿಂದ ಹುಟ್ಟಿನೊಂದಿಗೇ ಬಂದದ್ದು ಬಣ್ಣ. 'ಬ್ರೈಟ್ನಿಂಗ್' ಎಂಬ ಒಂದೇ ಪದ ಈ ಮೂರನ್ನೂ ಒಂದೇ ಚೀಲಕ್ಕೆ ತುಂಬಿಬಿಡುತ್ತದೆ. ಕೊಳ್ಳುವವಳು ತನ್ನ ಮನಸ್ಸಿನಲ್ಲಿರುವ ಅರ್ಥವನ್ನು ಅದರೊಳಗೆ ಕಾಣುತ್ತಾಳೆ, ಮಾರುವವನು ಯಾವ ಅರ್ಥಕ್ಕೂ ಮಾತು ಕೊಟ್ಟಿರುವುದಿಲ್ಲ. ನನ್ನ ವಾದ ಇಷ್ಟು: ಒಳ್ಳೆಯ ವಿಟಮಿನ್ ಸಿ ಸೀರಂ ಕಲೆಯ ವಿಷಯದಲ್ಲಿ ಸ್ವಲ್ಪ ಮಟ್ಟಿಗೆ ನಂಬಬಹುದಾದ ವಸ್ತು, ಕಳೆಯ ವಿಷಯದಲ್ಲಿ ಸಣ್ಣ ನೆರವು, ಬಣ್ಣದ ವಿಷಯದಲ್ಲಿ ನಿಷ್ಪ್ರಯೋಜಕ. ಈ ಮೂರನ್ನು ಬಿಡಿಸಿ ನೋಡದೆ ಅದನ್ನು ಹೊಗಳುವುದೂ ತೆಗಳುವುದೂ ತಪ್ಪು.

ಕಲೆಯಿಂದಲೇ ಶುರು ಮಾಡೋಣ. ಬದನೆಕಾಯಿ ಹೆಚ್ಚಿ ಹಾಗೇ ಬಿಟ್ಟರೆ ಸ್ವಲ್ಪ ಹೊತ್ತಿಗೆ ಕಪ್ಪಾಗುತ್ತದೆ. ಸೇಬು ಕೂಡ ಹಾಗೇ. ಕಾಯಿಯೊಳಗೆ ತಾಮ್ರವನ್ನು ಹೊತ್ತ ಒಂದು ಕಿಣ್ವವಿದೆ, ಗಾಳಿಯ ಆಮ್ಲಜನಕ ತಗಲಿದೊಡನೆ ಅದು ಬಣ್ಣವಿಲ್ಲದ ವಸ್ತುಗಳನ್ನು ಕಂದು ಬಣ್ಣದ ವಸ್ತುಗಳಾಗಿ ಬದಲಾಯಿಸುತ್ತದೆ. ಹೆಚ್ಚಿದ ಸೇಬಿಗೆ ನಿಂಬೆರಸ ಸವರಿದರೆ ಅದು ಬೇಗ ಕಪ್ಪಾಗುವುದಿಲ್ಲ. ಹುಳಿ ಆ ಕಿಣ್ವವನ್ನು ಮಂದಗೊಳಿಸುತ್ತದೆ, ರಸದಲ್ಲಿರುವ ವಿಟಮಿನ್ ಸಿ ಕಪ್ಪಾಗಲು ಹೊರಟ ವಸ್ತುವನ್ನು ಹಿಂದಿನ ಸ್ಥಿತಿಗೆ ತಿರುಗಿಸುತ್ತದೆ. ಆದರೆ ಪೂರ್ತಿ ಕಪ್ಪಾದ ಹೋಳಿಗೆ ನಿಂಬೆಹಣ್ಣು ಹಿಂಡಿದರೆ ಅದು ಮೊದಲಿನ ಬಿಳುಪಿಗೆ ಮರಳುವುದಿಲ್ಲ. ಅಡುಗೆಮನೆಯ ಈ ಎರಡು ಸಂಗತಿಗಳಲ್ಲಿ ಸೀರಂನ ಬಲವೂ ಇದೆ, ಮಿತಿಯೂ ಇದೆ.

ನಮ್ಮ ಚರ್ಮದಲ್ಲೂ ಅದೇ ಬಳಗಕ್ಕೆ ಸೇರಿದ, ತಾಮ್ರವನ್ನೇ ಹೊತ್ತ ಟೈರೋಸಿನೇಸ್ ಎಂಬ ಕಿಣ್ವವಿದೆ. ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯ ತಯಾರಾಗುವುದು ಅದರ ಕೈಯಿಂದ. ಮೆಲನಿನ್ ಹುಟ್ಟುವುದು ಹೊರಚರ್ಮದ ತಳದಲ್ಲಿ. ಅಲ್ಲಿಂದ ಅದು ಪುಟ್ಟ ಪೊಟ್ಟಣಗಳಾಗಿ ಸುತ್ತಲಿನ ಕೋಶಗಳಿಗೆ ಹಂಚಿಕೆಯಾಗಿ, ಆ ಕೋಶಗಳ ಜೊತೆ ಮೇಲೇರಿ, ಕೊನೆಗೆ ಹೊಟ್ಟಿನಂತೆ ಉದುರಿಹೋಗುತ್ತದೆ. ಈ ಪಯಣಕ್ಕೆ ಸುಮಾರು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ವಿಟಮಿನ್ ಸಿ ಈ ತಯಾರಿಕೆಯ ನಡುವೆ ಕೈಹಾಕಿ ಹೊಸ ಮೆಲನಿನ್ ಹುಟ್ಟುವುದನ್ನು ತಗ್ಗಿಸಬಲ್ಲದು. ಈಗಾಗಲೇ ಕೂತಿರುವುದನ್ನು ಅಳಿಸಲಾರದು. ಹಳೆಯದು ತಾನಾಗಿ ಉದುರಿ, ಹೊಸದು ಕಡಿಮೆ ಹುಟ್ಟಿದಾಗ ಮಾತ್ರ ಕಲೆ ತಿಳಿಯಾಗಬೇಕು. ಹಾಗಾಗಿ ಏಳು ದಿನಕ್ಕೆ ಫಲ ಎನ್ನುವ ಮಾತನ್ನು ನಂಬಬೇಕಾಗಿಲ್ಲ. ಎರಡು ಮೂರು ತಿಂಗಳಿಗೆ ಮೊದಲು ತೀರ್ಪು ಹೇಳಲು ಚರ್ಮವೇ ಅವಕಾಶ ಕೊಡುವುದಿಲ್ಲ. ಮೆಲನಿನ್ ಒಳಚರ್ಮದವರೆಗೆ ಇಳಿದುಬಿಟ್ಟ ಬಂಗಿನಲ್ಲಂತೂ ಮೇಲೆ ಸವರಿದ ಹನಿಗಳು ತಲುಪುವುದೇ ಕಷ್ಟ.

ಇದು ತರ್ಕ. ಮನುಷ್ಯರ ಮುಖದ ಮೇಲೆ ಏನಾಯಿತು ಎಂಬುದಕ್ಕೂ ಪುರಾವೆ ಇದೆ, ಆದರೆ ಹೇರಳವಾಗಿಲ್ಲ. ಬಂಗು ಇದ್ದ 16 ಹೆಂಗಸರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನಗೆ ಮೆಚ್ಚುಗೆ. ಪ್ರತಿಯೊಬ್ಬರ ಮುಖದ ಒಂದು ಬದಿಗೆ ಶೇ 5ರ ಆಸ್ಕಾರ್ಬಿಕ್ ಆಮ್ಲ, ಅಂದರೆ ವಿಟಮಿನ್ ಸಿ. ಇನ್ನೊಂದು ಬದಿಗೆ ಚರ್ಮವೈದ್ಯರು ಬಹಳ ಕಾಲದಿಂದ ಬರೆದುಕೊಡುವ ಹೈಡ್ರೋಕ್ವಿನೋನ್, ಶೇ 4. ಹದಿನಾರು ವಾರ ಹಚ್ಚಿದರು, ಎಲ್ಲರೂ ಸನ್‌ಸ್ಕ್ರೀನ್ ಬಳಸಿದರು. ಕೊನೆಗೆ ಹೈಡ್ರೋಕ್ವಿನೋನ್ ಬದಿಯಲ್ಲಿ 15 ಮಂದಿಗೆ ಒಳ್ಳೆಯ ಫಲ ಕಂಡಿತು, ವಿಟಮಿನ್ ಸಿ ಬದಿಯಲ್ಲಿ 10 ಮಂದಿಗೆ. ಆದರೆ ಉರಿ, ಕೆಂಪಾಗುವಿಕೆಯಂಥ ತೊಂದರೆ ಹೈಡ್ರೋಕ್ವಿನೋನ್ ಬದಿಯಲ್ಲಿ 11 ಮಂದಿಗೆ, ವಿಟಮಿನ್ ಸಿ ಬದಿಯಲ್ಲಿ ಒಬ್ಬರಿಗೆ. ಚಿಕ್ಕ ಅಧ್ಯಯನವಾದರೂ ಸಾರುವುದು ಸ್ಪಷ್ಟ. ಬಲದಲ್ಲಿ ವಿಟಮಿನ್ ಸಿ ಎರಡನೆಯದು, ಸೌಮ್ಯತೆಯಲ್ಲಿ ಮೊದಲನೆಯದು.

ಬಣ್ಣದ ಪ್ರಶ್ನೆಗೆ ಇನ್ನೊಂದು ಅಧ್ಯಯನ ಉತ್ತರ ಕೊಡುತ್ತದೆ. ಜಪಾನಿನ ಸಂಶೋಧಕರು 1996ರಲ್ಲಿ ವಿಟಮಿನ್ ಸಿಯ ಒಂದು ರೂಪಾಂತರವಾದ ಮೆಗ್ನೀಸಿಯಂ ಆಸ್ಕಾರ್ಬಿಲ್ ಫಾಸ್ಫೇಟನ್ನು ಶೇ 10ರ ಕ್ರೀಮಿನಲ್ಲಿ ಹಚ್ಚಿ ನೋಡಿದ್ದನ್ನು ಪ್ರಕಟಿಸಿದರು. ಬಂಗು ಅಥವಾ ವಯಸ್ಸಿನ ಕಲೆಗಳಿದ್ದ 34 ಜನರಲ್ಲಿ 19 ಮಂದಿಗೆ ಗಮನಾರ್ಹವಾಗಿ ತಿಳಿಯಾಯಿತು. ಕಲೆಯಿಲ್ಲದ ಸಹಜ ಚರ್ಮದವರು 25 ಜನರಿದ್ದರು, ಅವರಲ್ಲಿ ಬದಲಾವಣೆ ಕಂಡದ್ದು ಮೂವರಿಗೆ. ಅಮ್ಮನ ಪ್ರಶ್ನೆಗೆ ಉತ್ತರ ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿದೆ. ಕಲೆ ಹುಟ್ಟುವುದು ತಯಾರಿಕೆ ಹದ ತಪ್ಪಿದಾಗ, ಹದ ತಪ್ಪಿದ್ದನ್ನು ಒಂದಿಷ್ಟು ಹದಕ್ಕೆ ತರಬಹುದು. ಮೈಬಣ್ಣ ಹದ ತಪ್ಪಿದ್ದಲ್ಲ. ಕಪ್ಪಗಿರುವವರಲ್ಲೂ ಬೆಳ್ಳಗಿರುವವರಲ್ಲೂ ಮೆಲನಿನ್ ತಯಾರಿಸುವ ಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಎಷ್ಟು ತಯಾರಾಗುತ್ತದೆ, ಯಾವ ಬಗೆಯದು, ಪೊಟ್ಟಣಗಳು ಎಷ್ಟು ದೊಡ್ಡವು, ಹೇಗೆ ಹಂಚಿಕೆಯಾಗುತ್ತವೆ ಎಂಬುದರಲ್ಲಿ ಮಾತ್ರ ವ್ಯತ್ಯಾಸ. ಅದು ವಂಶವಾಹಿಗಳು ಬರೆದ ಲೆಕ್ಕ. ನಮ್ಮ ಬಿಸಿಲಿನ ನಾಡಿನಲ್ಲಿ ಆ ಕಪ್ಪೇ ಚರ್ಮಕ್ಕೆ ಕೊಡೆ, ಚರ್ಮದ ಕ್ಯಾನ್ಸರಿನಿಂದ ಕಾಯುವ ಕೊಡೆ.

ಇನ್ನು ಸೀಸೆಯೊಳಗಿನ ಸಂಗತಿ. ಚರ್ಮ ಇರುವುದೇ ಹೊರಗಿನದನ್ನು ಹೊರಗೇ ಇಡಲು. ಅದನ್ನು ದಾಟಿ ವಿಟಮಿನ್ ಸಿ ಒಳಹೋಗಬೇಕಾದರೆ ದ್ರಾವಣ ತಕ್ಕಷ್ಟು ಹುಳಿಯಾಗಿರಬೇಕು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಚರ್ಮವಿಜ್ಞಾನಿ ಶೆಲ್ಡನ್ ಪಿನ್ನೆಲ್ ಮತ್ತು ಸಂಗಡಿಗರು 2001ರಲ್ಲಿ ಹಂದಿಯ ಚರ್ಮದ ಮೇಲೆ ಮಾಡಿದ ಪ್ರಯೋಗದಲ್ಲಿ ಹುಳಿಯನ್ನು ಅಳೆಯುವ ಪಿಎಚ್ (ಕಡಿಮೆಯಾದಷ್ಟೂ ಹುಳಿ ಹೆಚ್ಚು) 3.5ಕ್ಕಿಂತ ಕೆಳಗಿದ್ದಾಗ ಮಾತ್ರ ಆಸ್ಕಾರ್ಬಿಕ್ ಆಮ್ಲ ಚೆನ್ನಾಗಿ ಒಳಸೇರಿತು. ಪ್ರಮಾಣ ಶೇ 20 ದಾಟಿದ ಮೇಲೆ ಹೀರಿಕೆ ಹೆಚ್ಚಲಿಲ್ಲ. ದಿನಕ್ಕೊಮ್ಮೆಯಂತೆ ಮೂರು ದಿನ ಹಚ್ಚುವಷ್ಟರಲ್ಲಿ ಚರ್ಮ ತುಂಬಿಕೊಂಡಿತು, ಒಳಸೇರಿದ್ದರಲ್ಲಿ ಅರ್ಧ ಕರಗಲು ಸುಮಾರು ನಾಲ್ಕು ದಿನ ಬೇಕಾಯಿತು. ಅಂದಮೇಲೆ ಶೇ 30 ಎಂದು ಬರೆದ ಸೀಸೆಗೆ ಹೆಚ್ಚು ಹಣ ಕೊಡುವುದರಲ್ಲಿ ಅರ್ಥವಿಲ್ಲ, ದಿನಕ್ಕೆ ಮೂರು ಸಲ ಬಳಿದುಕೊಳ್ಳುವುದರಲ್ಲೂ ಇಲ್ಲ. ಇದೇ ಪ್ರಯೋಗದಲ್ಲಿ ರೂಪಾಂತರಗಳು ಚರ್ಮದೊಳಗಿನ ವಿಟಮಿನ್ ಸಿ ಮಟ್ಟವನ್ನು ಏರಿಸಲಿಲ್ಲ. ಆದರೆ ಜಪಾನಿನ ಅಧ್ಯಯನದಲ್ಲಿ ಅಂಥದೇ ಒಂದು ರೂಪಾಂತರ ಮನುಷ್ಯರ ಕಲೆಗಳನ್ನು ತಿಳಿಗೊಳಿಸಿತ್ತು. ಪುರಾವೆ ಹೀಗೆ ಎರಡು ಕಡೆ ಎಳೆಯುವಾಗ ಒಂದನ್ನೇ ಹಿಡಿದು ಘೋಷಣೆ ಮಾಡುವವರನ್ನು ಅನುಮಾನದಿಂದ ನೋಡಬೇಕು. ಪಿನ್ನೆಲ್ ಸ್ವತಃ ಸೀರಂ ಮಾರುವ ಕಂಪನಿಯೊಂದನ್ನು ಕಟ್ಟಿದವರಲ್ಲಿ ಒಬ್ಬರು ಎಂಬುದನ್ನೂ ಓದುಗರು ತಿಳಿದಿರಬೇಕು. ಅಷ್ಟಕ್ಕೇ ಪ್ರಯೋಗ ಸುಳ್ಳಾಗುವುದಿಲ್ಲ. ಈ ಕ್ಷೇತ್ರದಲ್ಲಿ ಅಳೆಯುವವರೂ ಮಾರುವವರೂ ಎಷ್ಟು ಹತ್ತಿರದವರು ಎಂಬುದು ಅದರಿಂದ ಗೊತ್ತಾಗುತ್ತದೆ.

ಅಕ್ಕನ ಮಗಳ ಸೀಸೆ ಚಹಾದ ಬಣ್ಣಕ್ಕೆ ತಿರುಗಿದ್ದೇಕೆ? ಕಪ್ಪಾಗುವುದನ್ನು ತಡೆಯುವ ಗುಣವೇ ವಿಟಮಿನ್ ಸಿಯನ್ನು ಅಲ್ಪಾಯುಷಿಯನ್ನಾಗಿ ಮಾಡುತ್ತದೆ. ಬೇರೆಯವುಗಳ ಬದಲು ತಾನೇ ಆಮ್ಲಜನಕಕ್ಕೆ ಬಲಿಯಾಗುವುದು ಅದರ ಕೆಲಸ. ಸೀಸೆಯೊಳಗೂ ಅದು ಹಾಗೇ ಬಲಿಯಾಗುತ್ತಿರುತ್ತದೆ. ಮುಚ್ಚಳ ತೆಗೆದಾಗಲೆಲ್ಲ ಒಳನುಗ್ಗುವ ಗಾಳಿ, ಕಿಟಕಿಯ ಬೆಳಕು, ಬಚ್ಚಲುಮನೆಯ ಹಬೆ ಎಲ್ಲವೂ ಅದನ್ನು ಸವೆಸುತ್ತವೆ. ತಿಳಿಯಾಗಿದ್ದದ್ದು ಒಣಹುಲ್ಲಿನ ಬಣ್ಣಕ್ಕೆ, ಆಮೇಲೆ ಹಳದಿಗೆ, ಕೊನೆಗೆ ಕಂದಿಗೆ ತಿರುಗುತ್ತದೆ. ಕಂದಾದ ಮೇಲೆ ಅದನ್ನು ಹಚ್ಚುವುದರಲ್ಲಿ ಅರ್ಥವಿಲ್ಲ. ವಿಟಮಿನ್ ಇ ಮತ್ತು ಫೆರುಲಿಕ್ ಆಮ್ಲ ಬೆರೆಸಿದರೆ ಈ ಕೆಡುವಿಕೆ ನಿಧಾನವಾಗುತ್ತದೆ, ಬಿಸಿಲಿನ ಹಾನಿಯಿಂದ ಸಿಗುವ ರಕ್ಷಣೆಯೂ ಹೆಚ್ಚುತ್ತದೆ ಎಂದು 2005ರಲ್ಲಿ ಪಿನ್ನೆಲ್ ಅವರ ತಂಡವೇ ತೋರಿಸಿತು. ಕಡು ಬಣ್ಣದ ಗಾಜು, ಗಾಳಿಯಾಡದ ಪಂಪು, ಚಿಕ್ಕ ಸೀಸೆ, ಇತ್ತೀಚಿನ ತಯಾರಿಕೆಯ ದಿನಾಂಕ, ಇವಕ್ಕೆ ಕೊಡುವ ಹಣ ಸಾರ್ಥಕ. ಸೀರಂಗೆ ಮೊದಲೇ ಕಿತ್ತಳೆ ಬಣ್ಣ ಬೆರೆಸಿದ್ದರೆ ಅದು ಕೆಟ್ಟದ್ದು ಕಣ್ಣಿಗೆ ಗೊತ್ತಾಗುವುದೇ ಇಲ್ಲ. ಕಿತ್ತಳೆಯ ವಾಸನೆ ವಿಟಮಿನ್ ಸಿಯ ಗುರುತಲ್ಲ.

ಬೆಲೆಯ ಮಾತೂ ಬರಬೇಕು. ಅಂಗಡಿಯಲ್ಲಿ ಮುನ್ನೂರು ರೂಪಾಯಿಯ ಸೀಸೆಯೂ ಇದೆ, ಹತ್ತು ಸಾವಿರ ದಾಟುವುದೂ ಇದೆ. ವಿಟಮಿನ್ ಸಿ ದುಬಾರಿ ವಸ್ತುವೇನಲ್ಲ. 1933ರಲ್ಲಿ ರಸಾಯನವಿಜ್ಞಾನಿ ರೈಕ್‌ಸ್ಟೈನ್ ಅದನ್ನು ಗ್ಲೂಕೋಸಿನಿಂದ ತಯಾರಿಸುವ ದಾರಿ ಕಂಡುಹಿಡಿದ ಮೇಲೆ ಅದು ಕಾರ್ಖಾನೆಯ ಸರಕಾಯಿತು. ಜ್ಯೂಸಿನ ಪೊಟ್ಟಣದ ಹಿಂದೆ ಐಎನ್‌ಎಸ್ 300 ಎಂದು ಬರೆದಿದ್ದರೆ ಅದೇ ಇದು. ಹಾಗಾಗಿ ಬೆಲೆ ನೋಡಿ ಗುಣ ಅಳೆಯುವುದು ಬೇಡ, ಹಿಂದಿನ ಚೀಟಿ ಓದಿ. ಹೆಚ್ಚು ಪ್ರಮಾಣದಲ್ಲಿರುವ ವಸ್ತುಗಳು ಪಟ್ಟಿಯಲ್ಲಿ ಮೊದಲು ಬರುತ್ತವೆ. ಮುಂದೆ ದಪ್ಪಕ್ಷರದಲ್ಲಿ ವಿಟಮಿನ್ ಸಿ ಎಂದಿದ್ದು, ಹಿಂದಿನ ಪಟ್ಟಿಯಲ್ಲಿ ಅದರ ಹೆಸರು ಸುಗಂಧಕ್ಕಿಂತ ಕೆಳಗಿದ್ದರೆ ನೀವು ಕೊಳ್ಳುತ್ತಿರುವುದು ಹೆಸರನ್ನು.

ಇನ್ನು ಕಳೆ. ವಿಟಮಿನ್ ಸಿ ಇಲ್ಲದಿದ್ದರೆ ಚರ್ಮ ಏನಾಗುತ್ತದೆ ಎಂಬುದಕ್ಕೆ ಸ್ಕರ್ವಿ ಸಾಕ್ಷಿ. ರೋಮಗಳ ಬುಡದಲ್ಲಿ ರಕ್ತ ಒಸರುತ್ತದೆ, ಮಾಗಿದ್ದ ಹಳೆಯ ಗಾಯ ಬಿಚ್ಚಿಕೊಳ್ಳುತ್ತದೆ. 1747ರಲ್ಲಿ ಬ್ರಿಟಿಷ್ ಹಡಗೊಂದರ ವೈದ್ಯ ಜೇಮ್ಸ್ ಲಿಂಡ್ 12 ರೋಗಿ ನಾವಿಕರನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ ಬೇರೆ ಬೇರೆ ಪಥ್ಯ ಕೊಟ್ಟಾಗ ಕಿತ್ತಳೆ, ನಿಂಬೆ ತಿಂದ ಜೋಡಿಯೇ ಬೇಗ ಚೇತರಿಸಿಕೊಂಡಿತು. ಚರ್ಮವನ್ನು ಗಟ್ಟಿಯಾಗಿ ಹಿಡಿದಿಡುವ ಕೊಲಾಜೆನ್ ಹೆಣೆಯಲು ಈ ವಿಟಮಿನ್ ಬೇಕೇ ಬೇಕು. ಜಾಹೀರಾತು ಇಲ್ಲಿಂದ ಒಂದು ಜಿಗಿತ ಜಿಗಿಯುತ್ತದೆ: ಇಲ್ಲದಿದ್ದರೆ ಕೆಡುತ್ತದೆ, ಆದ್ದರಿಂದ ಹೆಚ್ಚಿಗೆ ಸುರಿದರೆ ಮಿಂಚುತ್ತದೆ. ಕೊರತೆ ನೀಗುವುದು ಬೇರೆ, ಕೊರತೆಯಿಲ್ಲದಲ್ಲಿ ಸುರಿಯುವುದು ಬೇರೆ. ಬರಗಾಲದ ಹೊಲಕ್ಕೆ ಮಳೆ ಜೀವ ಎಂದಮಾತ್ರಕ್ಕೆ ತುಂಬಿದ ಗದ್ದೆಗೆ ಇನ್ನಷ್ಟು ನೀರು ಬಿಟ್ಟರೆ ಇಳುವರಿ ಹೆಚ್ಚುವುದಿಲ್ಲ. ಆದರೂ ಇದು ಪೂರ್ತಿ ಪೊಳ್ಳಲ್ಲ. ಬಿಸಿಲಿಗೆ ಬಾಡಿದ ಚರ್ಮದ ಮೇಲೆ ಶೇ 5ರ ವಿಟಮಿನ್ ಸಿ ಕ್ರೀಮನ್ನು ಆರು ತಿಂಗಳು ಹಚ್ಚಿ, ಅದಿಲ್ಲದ ಕ್ರೀಮಿನೊಂದಿಗೆ ಹೋಲಿಸಿದ 2003ರ ಒಂದು ಚಿಕ್ಕ ಅಧ್ಯಯನದಲ್ಲಿ ಚರ್ಮದ ನವಿರು, ಸುಕ್ಕುಗಳಲ್ಲಿ ಸುಧಾರಣೆ ಕಂಡಿತು. ಆರು ತಿಂಗಳು ಎಂಬುದನ್ನು ಗಮನಿಸಿ. ಹಚ್ಚಿದ ಐದು ನಿಮಿಷಕ್ಕೆ ಕನ್ನಡಿಯಲ್ಲಿ ಕಾಣುವ ಹೊಳಪು ತೇವದ್ದು, ಅದು ಮುಖ ತೊಳೆದರೆ ಹೋಗುತ್ತದೆ.

ಇಲ್ಲಿ ಎರಡು ಆಕ್ಷೇಪಗಳು ಏಳುತ್ತವೆ, ಎರಡೂ ನಮ್ಮ ಮನೆಯಲ್ಲೇ ಎದ್ದವು. "ಅಷ್ಟಕ್ಕೆ ಸೀಸೆ ಯಾಕೆ, ದಿನಕ್ಕೊಂದು ನೆಲ್ಲಿಕಾಯಿ ತಿನ್ನಬಾರದಾ" ಎಂದರು ಅಮ್ಮ. ತಿನ್ನಬೇಕು, ಅದರಲ್ಲಿ ಎರಡು ಮಾತಿಲ್ಲ. ವಯಸ್ಕ ಹೆಂಗಸಿಗೆ ದಿನಕ್ಕೆ 65 ಮಿಲಿಗ್ರಾಂ, ಗಂಡಸಿಗೆ 80 ಮಿಲಿಗ್ರಾಂ ವಿಟಮಿನ್ ಸಿ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುತ್ತದೆ. ಒಂದೆರಡು ನೆಲ್ಲಿಕಾಯಿ, ಅಥವಾ ಒಂದು ಸೀಬೆಹಣ್ಣು ಅಷ್ಟನ್ನು ಕೊಡುತ್ತದೆ. ಆದರೆ ದಿನಕ್ಕೆ ಸುಮಾರು 200 ಮಿಲಿಗ್ರಾಂ ದಾಟಿದ ಮೇಲೆ ರಕ್ತದಲ್ಲಿ ಅದರ ಮಟ್ಟ ಹೆಚ್ಚು ಏರುವುದಿಲ್ಲ, ಮಿಕ್ಕದ್ದು ಮೂತ್ರದಲ್ಲಿ ಹೋಗುತ್ತದೆ. ನೆಲ್ಲಿಕಾಯಿ ಇಡೀ ದೇಹಕ್ಕೆ ಬೇಕು, ಕೆನ್ನೆಯ ಮೇಲಿನ ಒಂದು ಕಲೆಗೆ ಅದು ಮದ್ದಾಗುತ್ತದೆ ಎನ್ನಲಾಗದು.

ಎರಡನೆಯದು ಇನ್ನೂ ಹಳೆಯ ಮಾತು: ಕಡಲೆಹಿಟ್ಟಿಗೆ ನಿಂಬೆರಸ ಹಿಂಡಿ ಹಚ್ಚಿದರೆ ಸಾಲದೇ? ಸಾಲದು, ಮೇಲಾಗಿ ಅಪಾಯ. ನಿಂಬೆರಸದಲ್ಲಿ ವಿಟಮಿನ್ ಸಿ ಇರುವುದು ಶೇ 0.05ರ ಆಸುಪಾಸು, ಸೀರಂನಲ್ಲಿ ಶೇ 10ರಿಂದ 20. ಹುಳಿಯಲ್ಲಿ ಮಾತ್ರ ನಿಂಬೆರಸ ಸೀರಂ ಅನ್ನು ಮೀರಿಸುತ್ತದೆ. ಅದಲ್ಲದೆ ನಿಂಬೆಯಲ್ಲಿರುವ ಕೆಲವು ವಸ್ತುಗಳು ಚರ್ಮದ ಮೇಲಿರುವಾಗ ಬಿಸಿಲು ಬಿದ್ದರೆ ಸುಟ್ಟಂತಾಗಿ ಗುಳ್ಳೆಯೆದ್ದು, ಆಮೇಲೆ ತಿಂಗಳುಗಟ್ಟಲೆ ಕಪ್ಪು ಉಳಿಯಬಹುದು. ಮನೆಮದ್ದು ಎಂಬ ಕಾರಣಕ್ಕೇ ಒಂದು ವಸ್ತು ಸೌಮ್ಯವಾಗುವುದಿಲ್ಲ.

ಉರಿಯ ಈ ವಿಷಯ ನಮ್ಮಂಥ ಕಂದು ಚರ್ಮದವರಿಗೆ ಬಹಳ ಮುಖ್ಯ. ನಮ್ಮ ಚರ್ಮ ಸಣ್ಣ ನೋವಿಗೂ ಕಪ್ಪಾಗಿ ಉತ್ತರ ಕೊಡುತ್ತದೆ. ಮೊಡವೆ ಹಿಸುಕಿದರೆ ಕಲೆ, ಸೊಳ್ಳೆ ಕಚ್ಚಿದ ಜಾಗ ಕೆರೆದರೆ ಕಲೆ. ಶೇ 20ರ ಹುಳಿ ಸೀರಂ ಹಚ್ಚಿ, ಉರಿದರೂ ಸಹಿಸಿಕೊಂಡು, "ಕೆಲಸ ಮಾಡ್ತಾ ಇದೆ" ಎಂದು ಸಮಾಧಾನ ಮಾಡಿಕೊಂಡರೆ ಕಲೆ ತೆಗೆಯಲು ಹೋಗಿ ಕಲೆ ತಂದುಕೊಂಡಂತೆ. ಅತಿಯಾದರೆ ಅಮೃತವೂ ವಿಷ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ. ಶೇ 5ರಿಂದ 10ರಲ್ಲಿ ಶುರು ಮಾಡಿ, ಮೊದಲು ಕಿವಿಯ ಹಿಂದೆ ನಾಲ್ಕು ದಿನ ಹಚ್ಚಿ ನೋಡಿ, ಒಗ್ಗಿದರೆ ಮಾತ್ರ ಮುಖಕ್ಕೆ ಬರುವುದು ವಿವೇಕ.

ಬಿಸಿಲನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಈ ಚರ್ಚೆ ಮುಗಿಯದು. ಮೆಲನಿನ್ ತಯಾರಿಸಲು ಚರ್ಮಕ್ಕೆ ದಿನಾ ಅಪ್ಪಣೆ ಕೊಡುವುದೇ ಬಿಸಿಲು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಗಾಳಿ ತಂಪಾಗಿರುವುದರಿಂದ ಬಿಸಿಲು ಸೌಮ್ಯ ಎಂದು ನಮಗೆ ಅನ್ನಿಸುತ್ತದೆ, ಅತಿನೇರಳೆ ಕಿರಣಗಳ ಮಟ್ಟಿಗೆ ಅದು ನಿಜವಲ್ಲ. ಕಂದು ಚರ್ಮದಲ್ಲಿ ಕಣ್ಣಿಗೆ ಕಾಣುವ ಬೆಳಕು ಕೂಡ ಕಪ್ಪು ತರಿಸುತ್ತದೆ. ಆ ಕಾರಣಕ್ಕೇ ಬಂಗು ಇರುವವರಿಗೆ ಚರ್ಮವೈದ್ಯರು ಐರನ್ ಆಕ್ಸೈಡ್ ಬೆರೆಸಿದ, ಮೈಬಣ್ಣದ ಸನ್‌ಸ್ಕ್ರೀನ್ ಹೇಳುತ್ತಾರೆ. ಬೆಳಿಗ್ಗೆ ಸೀರಂ ಹಚ್ಚಿ ಸನ್‌ಸ್ಕ್ರೀನ್ ಇಲ್ಲದೆ ಸ್ಕೂಟರ್ ಹತ್ತುವುದೆಂದರೆ ನಲ್ಲಿ ಬಿಟ್ಟು ನೆಲ ಒರೆಸಿದಂತೆ. ಕೈಯಲ್ಲಿ ಒಂದಕ್ಕೇ ಸಾಲುವಷ್ಟು ಹಣವಿದ್ದರೆ ಅದು ಸನ್‌ಸ್ಕ್ರೀನಿಗೆ ಹೋಗಲಿ. ಸೀರಂಗಿಂತ ಮೊದಲಿನ ಸ್ಥಾನ ಅದರದು.

ಇಷ್ಟೆಲ್ಲ ಗೊತ್ತಿದ್ದೂ 'ಬ್ರೈಟ್' ಎಂಬ ಪದ ಯಾಕೆ ಇಷ್ಟು ಚಲಾವಣೆಯಲ್ಲಿದೆ? ನಮ್ಮ ದೇಶದಲ್ಲಿ ಅದಕ್ಕೊಂದು ಇತಿಹಾಸವಿದೆ. ಫೇರ್ ಅಂಡ್ ಲವ್ಲಿ 1975ರಲ್ಲಿ ಮಾರುಕಟ್ಟೆಗೆ ಬಂತು. ಬಿಳುಪೇ ಗೆಲುವು ಎಂಬ ಕಥೆಯನ್ನು ಅಂಥ ಕ್ರೀಮುಗಳ ಜಾಹೀರಾತುಗಳು ದಶಕಗಳ ಕಾಲ ಹೇಳಿದವು. ಕಪ್ಪು ಮೈಬಣ್ಣದವರನ್ನು ದುಃಖಿಗಳಂತೆ, ಸೋತವರಂತೆ ತೋರಿಸಬಾರದೆಂದು ಜಾಹೀರಾತು ಮಾನದಂಡ ಮಂಡಳಿ 2014ರಲ್ಲಿ ನಿಯಮ ಮಾಡಿತು. 2020ರಲ್ಲಿ ಅಮೆರಿಕದಲ್ಲಿ ಜಾರ್ಜ್ ಫ್ಲಾಯ್ಡ್ ಹತ್ಯೆಯ ನಂತರ ಜಗತ್ತಿನಾದ್ಯಂತ ವರ್ಣಭೇದದ ವಿರುದ್ಧ ದನಿ ಎದ್ದಾಗ ಆ ಕ್ರೀಮ್ ಗ್ಲೋ ಅಂಡ್ ಲವ್ಲಿ ಆಯಿತು, ಮದುವೆ ಜಾಲತಾಣವೊಂದು ಮೈಬಣ್ಣದ ಆಯ್ಕೆಯನ್ನೇ ತೆಗೆದುಹಾಕಿತು. ಒಳ್ಳೆಯ ಹೆಜ್ಜೆಗಳು. ಆದರೆ ಆಸೆ ಹಳೆಯದೇ ಉಳಿದು ಪದ ಮಾತ್ರ ಬದಲಾದರೆ, ಹೊಸ ಪದ ಹಳೆಯ ಆಸೆಯನ್ನೇ ಹೊತ್ತು ತಿರುಗುತ್ತದೆ. "ಕಪ್ಪಾದರೂ ಲಕ್ಷಣವಾಗಿದ್ದಾಳೆ" ಎನ್ನುವಾಗ ಆ 'ಆದರೂ' ಎಷ್ಟು ಹುಡುಗಿಯರ ಎದೆಗೆ ಚುಚ್ಚಿದೆಯೋ ಲೆಕ್ಕವಿಟ್ಟವರಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಗಾದೆ ಹೇಳುವ ಬಾಯಲ್ಲೇ ನಾವು ಈ ಮಾತನ್ನೂ ಆಡುತ್ತೇವೆ.

ನನ್ನ ಮುಖ, ನನ್ನ ಹಣ, ಏನಾದರೂ ಹಚ್ಚಿಕೊಳ್ಳುತ್ತೇನೆ ಎಂದು ಯಾರಾದರೂ ಹೇಳಿದರೆ ಅವರ ಹಕ್ಕನ್ನು ನಾನು ಗೌರವಿಸುತ್ತೇನೆ. ಬಂಗು ಬಂದ ಹೆಂಗಸು ಮದುವೆ ಮನೆಗೆ ಹೋಗಲು ಹಿಂಜರಿಯುವುದನ್ನು ಕಂಡಿದ್ದೇನೆ. ಅವರ ಸಂಕಟ ನಿಜ, ಅದನ್ನು ಒಣ ಅಂದದ ಗೀಳು ಎಂದು ತಳ್ಳಿಹಾಕುವುದು ಕ್ರೌರ್ಯ. ನನ್ನ ತಕರಾರು ಆಸೆಯ ಮೇಲಲ್ಲ, ಆಸೆಯ ಹೆಸರಿನಲ್ಲಿ ಕೊಡುವ ಮಸುಕು ಮಾತಿನ ಮೇಲೆ. ಆ ಮಸುಕಿಗೆ ಬೆಲೆ ತೆರುವವರು ಇದ್ದಾರೆ.

ಬಣ್ಣ ಬದಲಾಗುತ್ತದೆಂದು ಸೀರಂ ಕೊಂಡವಳು ಎರಡು ತಿಂಗಳಿಗೆ ನಿರಾಶಳಾಗುತ್ತಾಳೆ. ಆಮೇಲೆ ಅವಳಿಗೆ ಬೇಕಾಗುವುದು ಬೇಗ ಫಲ ಕೊಡುವ ವಸ್ತು, ಅಂಥದ್ದು ಮಾರುಕಟ್ಟೆಯಲ್ಲಿ ಸಿಗುತ್ತದೆ. ಸ್ಟೀರಾಯ್ಡ್ ಬೆರೆತ ಕ್ರೀಮುಗಳು ವಾರದಲ್ಲೇ ಮುಖವನ್ನು ತಿಳಿಯಾಗಿಸುತ್ತವೆ. ವೈದ್ಯರು ಒಂದು ರೋಗಕ್ಕೆ, ಇಷ್ಟು ದಿನ ಎಂದು ಬರೆದುಕೊಡಬೇಕಾದ ಔಷಧಗಳವು. ಅವನ್ನು ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ರಕ್ತನಾಳಗಳು ಕಾಣತೊಡಗುತ್ತವೆ, ಮೊಡವೆ ಮುತ್ತುತ್ತದೆ, ಬಿಟ್ಟರೆ ಮುಖ ಉರಿಯುತ್ತದೆ. ಈ ದುರ್ಬಳಕೆಯ ವಿರುದ್ಧ ಭಾರತೀಯ ಚರ್ಮವೈದ್ಯರ ಸಂಘ ವರ್ಷಗಳಿಂದ ಹೋರಾಡಿದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್ ಕ್ರೀಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂಬ ಪಟ್ಟಿಗೆ ಸೇರಿಸಿತು. ಇನ್ನೊಂದು ದಾರಿ ಪಾದರಸ ಬೆರೆತ ಬಿಳುಪಿನ ಕ್ರೀಮುಗಳದ್ದು. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ವೈದ್ಯರು ಒಂದು ಬಗೆಯ ಕಿಡ್ನಿ ಕಾಯಿಲೆಯ 15 ರೋಗಿಗಳನ್ನು ವಿಚಾರಿಸಿದಾಗ ಅವರಲ್ಲಿ 13 ಮಂದಿ ಬಿಳುಪಿನ ಕ್ರೀಮು ಹಚ್ಚುತ್ತಿದ್ದರೆಂದು ತಿಳಿಯಿತು. ಪಾದರಸವೂ ಟೈರೋಸಿನೇಸ್ ಕಿಣ್ವವನ್ನೇ ಹಿಡಿಯುತ್ತದೆ, ಆದರೆ ಅಲ್ಲಿಗೇ ನಿಲ್ಲದೆ ರಕ್ತಕ್ಕೆ ಸೇರಿ ಕಿಡ್ನಿಯನ್ನೂ ಹಿಡಿಯುತ್ತದೆ. ವಿಟಮಿನ್ ಸಿ ಸೀರಂ ನಿಧಾನ ಎಂಬುದು ಅದರ ದೋಷವಲ್ಲ. ಬೇಗ ಎಂದು ಮಾತು ಕೊಟ್ಟು ಮಾರುವುದು ದೋಷ. ಅತಿ ಹೊಗಳಿಕೆಯಿಂದ ಸೋತ ಸೌಮ್ಯ ವಸ್ತು ಗ್ರಾಹಕಿಯನ್ನು ಕ್ರೂರ ವಸ್ತುವಿನ ಕೈಗೆ ಒಪ್ಪಿಸುತ್ತದೆ. ಹಾಗಾಗಿ ಸೀಸೆಯ ಮೇಲೆ ನಿಜವಾದ ಮಾತಿರಬೇಕೆಂಬುದು ಭಾಷೆಯ ಮಡಿವಂತಿಕೆಯಲ್ಲ, ಆರೋಗ್ಯದ ಪ್ರಶ್ನೆ.

ದೀಪಾವಳಿಯ ಆ ದಿನ ಅಕ್ಕನ ಮಗಳಿಗೆ ನಾನು ತೀರ್ಪು ಹೇಳಲಿಲ್ಲ, ಒಂದು ದಾರಿ ಹೇಳಿದೆ. ಹೊಸ ಸೀಸೆ ತಗೋ, ಶೇ 10ರದ್ದು. ಬಲಗೆನ್ನೆಗೆ ಮಾತ್ರ ಹಚ್ಚು. ಸನ್‌ಸ್ಕ್ರೀನ್ ಎರಡೂ ಕೆನ್ನೆಗೆ. ಪ್ರತಿ ಭಾನುವಾರ ಬೆಳಿಗ್ಗೆ ಒಂದೇ ಕಿಟಕಿಯ ಮುಂದೆ ನಿಂತು, ಏನೂ ಹಚ್ಚಿಕೊಳ್ಳದೆ ಫೋಟೋ ತೆಗೆದಿಡು. ಹದಿನಾರು ಹೆಂಗಸರ ಆ ಅಧ್ಯಯನದ ನಂಬಿಕೆಯೂ ಇದೇ: ಒಬ್ಬಳ ಮುಖಕ್ಕೆ ಸರಿಯಾದ ಹೋಲಿಕೆ ಅವಳದೇ ಮುಖದ ಇನ್ನೊಂದು ಬದಿ. "ಅರ್ಧ ಮುಖ ಬೇರೆ ಥರ ಆಗಿಬಿಟ್ರೆ?" ಎಂದು ಕೇಳಿದಳು. ಅಷ್ಟು ವ್ಯತ್ಯಾಸ ಕಂಡರೆ ಆಮೇಲೆ ಎಡಗಡೆಗೂ ಹಚ್ಚು, ಕಾಣದಿದ್ದರೆ ಅದೇ ಉತ್ತರ ಎಂದೆ.

ಶಿವರಾತ್ರಿಗೆ ಬಂದಾಗ ಫೋನಿನಲ್ಲಿ ಹದಿಮೂರು ಫೋಟೋಗಳಿದ್ದವು. ಸಾಲಾಗಿ ಇಟ್ಟು ನೋಡಿದೆವು. ಮೊಡವೆಯ ಗುರುತುಗಳು ಎರಡೂ ಕೆನ್ನೆಯ ಮೇಲೆ ತಿಳಿಯಾಗಿದ್ದವು. ಬಲಗಡೆ ಕೆಲವು ವಾರ ಮುಂಚೆ, ಒಂದು ಪಾಲು ಹೆಚ್ಚು. ಎಡಗಡೆ ನಿಧಾನವಾಗಿ, ಕಾಲ ಮತ್ತು ಸನ್‌ಸ್ಕ್ರೀನ್ ಎರಡರಿಂದಲೇ. ಎರಡೂ ಬದಿಗೆ ಹಚ್ಚಿದ್ದರೆ ಇಡೀ ಶ್ರೇಯಸ್ಸು ಸೀಸೆಗೆ ಹೋಗುತ್ತಿತ್ತು. ಮೈಬಣ್ಣ ಎರಡೂ ಕಡೆ ಒಂದೇ, ಅವಳ ತಾತನಿಂದ ಬಂದ ಅದೇ ಎಣ್ಣೆಗೆಂಪು. ಒಬ್ಬಳ ಮುಖದಿಂದ ಜಗತ್ತಿಗೆ ನಿಯಮ ಹೇಳಲಾಗದು, ಆದರೆ ಅವಳು ಕೇಳಿದ್ದು ತನ್ನ ಮುಖದ ಪ್ರಶ್ನೆಯನ್ನು, ಅದಕ್ಕೆ ಉತ್ತರ ಸಿಕ್ಕಿತು. ಸೀಸೆ ಮುಗಿದ ಮೇಲೆ ಇನ್ನೊಂದು ಕೊಳ್ಳಬೇಕೋ ಬೇಡವೋ ಎಂಬುದನ್ನು ಅವಳೇ ತೀರ್ಮಾನಿಸಬಲ್ಲಳು. ಸನ್‌ಸ್ಕ್ರೀನ್ ಮಾತ್ರ ಬಿಡುವುದಿಲ್ಲ ಎಂದಳು.

ಅಮ್ಮನನ್ನು ಕರೆದು, ಯಾವ ಕೆನ್ನೆಗೆ ಹಚ್ಚಿದ್ದು ಹೇಳಿ ನೋಡೋಣ ಎಂದು ಕೇಳಿದೆವು. ಅಮ್ಮ ಮೊಮ್ಮಗಳ ಗಲ್ಲ ಹಿಡಿದು, ಬೆಳಕಿಗೆ ಆ ಕಡೆ ಈ ಕಡೆ ತಿರುಗಿಸಿ ಬಹಳ ಹೊತ್ತು ನೋಡಿದರು. "ನನಗೇನೋ ಗೊತ್ತಾಗ್ತಿಲ್ಲಮ್ಮ. ಆದ್ರೆ ಈ ಸಲ ಮುಖದಲ್ಲಿ ಕಳೆ ಬಂದಿದೆ. ಚೆನ್ನಾಗಿ ನಿದ್ದೆ ಮಾಡ್ತಿದೀಯಾ?" ಎಂದರು. ಅವಳು ಹೌದೆಂದು ತಲೆಯಾಡಿಸಿದಳು.